ಸುಗಂಧದ ಕಾವಲು

ಹಾಸನ ಜಿಲ್ಲೆಯ ಅರಸೀಕೆರೆ ತೆಂಗಿನ ತೋಟಗಳಿಂದ ಕೂಡಿದ ಬಯಲುಸೀಮೆ. ಅಲ್ಲಿಂದ ಹಳೇಬೀಡನ್ನು ಹಾದು ಬೇಲೂರಿನತ್ತ ಸಾಗಿದಂತೆ ಮಲೆನಾಡು ಸಮೀಪಿಸುತ್ತದೆ. ಕಾಫಿ, ಮೆಣಸು, ಏಲಕ್ಕಿಗಳ ತೋಟಗಳು ಕಾಣಿಸಿಕೊಳ್ಳುತ್ತವೆ. ನೆಲವೂ ಬೆಳೆಯೂ ಹೀಗೆ ಬದಲಾದರೂ ಮಾಂಸಾಹಾರಿಗಳ ಅಡುಗೆಮನೆಯ ಒಂದು ಪದ್ಧತಿ ಬದಲಾಗುವುದಿಲ್ಲ. ಹಸಿಯ ಮಾಂಸಕ್ಕೆ ಉಪ್ಪು, ಅರಿಸಿನ ಸವರುತ್ತಾರೆ. ಲವಂಗ, ಚಕ್ಕೆ, ಮೆಣಸುಗಳನ್ನು ಅರೆದು ಬೆರೆಸುತ್ತಾರೆ. ಮಿಕ್ಕುದನ್ನು ಬಿಸಿಲಿನಲ್ಲಿ ಒಣಗಿಸಿ ಉಪ್ಪುಕಂಡ ಮಾಡುವುದೂ ಹಿಂದಿನಿಂದ ಬಂದ ರೂಢಿ. ಉಪ್ಪುಕಂಡ ಬಹುಕಾಲ ಉಳಿಯುತ್ತದೆ. ಆದರೆ ಹಸಿಯ ಮಾಂಸವನ್ನು ಹಸಿಯಾಗಿಯೇ ಕಾಪಾಡುವುದು ಹೇಗೆ? ಸಂಬಾರ ಪದಾರ್ಥಗಳ ಪರಿಮಳದಲ್ಲಿಯೇ ಇದಕ್ಕೊಂದು ಉತ್ತರ ಅಡಗಿದೆ.

ಮಾಂಸದಲ್ಲಿ ಸುಮಾರು ಮುಕ್ಕಾಲು ಪಾಲು ನೀರು. ಉಳಿದುದರಲ್ಲಿ ಹೆಚ್ಚಿನದು ಪುಷ್ಟಿಕರವಾದ ಪ್ರೋಟೀನು. ನಮಗೆ ಹಿತವಾದ ಈ ಆಹಾರ ಬ್ಯಾಕ್ಟೀರಿಯಗಳಿಗೂ ಹಿತವೇ. ಅನುಕೂಲ ಸನ್ನಿವೇಶದಲ್ಲಿ ಕೆಲವು ಬ್ಯಾಕ್ಟೀರಿಯಗಳು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ. ಈ ಲೆಕ್ಕದಲ್ಲಿ ಒಂದೇ ಒಂದು ಜೀವಿಯ ಸಂತಾನ 7 ಗಂಟೆಗಳಲ್ಲಿ 20 ಲಕ್ಷವನ್ನು ಮೀರುತ್ತದೆ! ಕೊಚ್ಚಿದ ಮಾಂಸದಲ್ಲಿ ಅವು ಎಲ್ಲೆಡೆಯೂ ಹರಡಿಕೊಳ್ಳುವುದರಿಂದ ಅದು ಇನ್ನೂ ಬೇಗ ಕೆಡುತ್ತದೆ.

ಗಿಡಗಳಿಗೆ ಶತ್ರುವಿನಿಂದ ಓಡಿ ಪಾರಾಗುವ ಶಕ್ತಿಯಿಲ್ಲ. ಆದುದರಿಂದ ಅನೇಕ ಗಿಡಗಳು ಕೀಟಗಳನ್ನೂ ಸೂಕ್ಷ್ಮಜೀವಿಗಳನ್ನೂ ತಡೆಯಬಲ್ಲ ಸುಗಂಧತೈಲಗಳನ್ನು ತಮ್ಮೊಳಗೆ ತಯಾರಿಸಿಕೊಳ್ಳುತ್ತವೆ. ನೀರಿನ ಆವಿಯನ್ನು ಹಾಯಿಸಿ, ಬಟ್ಟಿ ಇಳಿಸಿ ಈ ತೈಲಗಳನ್ನು ಪಡೆಯಬಹುದು. ಲವಂಗದ ತೈಲದಲ್ಲಿ ಯೂಜೆನಾಲ್, ಓಮದಲ್ಲಿ ಥೈಮಾಲ್, ಹಿತ್ತಿಲಿನ ದೊಡ್ಡಪತ್ರೆಯಲ್ಲಿ ಕಾರ್ವಕ್ರಾಲ್ ಎಂಬ ವಸ್ತುಗಳಿವೆ. ಇವು ಬ್ಯಾಕ್ಟೀರಿಯದ ಹೊರಪೊರೆಯೊಳಗೆ ಸೇರಿಕೊಂಡು ಅದನ್ನು ಸಡಿಲಗೊಳಿಸುತ್ತವೆ. ತೂತು ಬಿದ್ದ ಮಡಕೆಯಿಂದ ನೀರು ಸೋರುವಂತೆ ಜೀವಕೋಶದ ಸತ್ತ್ವ ಹೊರಗೆ ಸೋರಿ ಅದು ಸಾಯುತ್ತದೆ. ಮಾಂಸದ ಕೊಬ್ಬು ಗಾಳಿಯ ಸಂಪರ್ಕದಿಂದ ಕಮಟುವುದನ್ನೂ ಇವು ನಿಧಾನಗೊಳಿಸುತ್ತವೆ.

ಹಾಗಾದರೆ ಒಂದಿಷ್ಟು ತೈಲವನ್ನು ಸುರಿದುಬಿಟ್ಟರೆ ಸಾಕೆ? ಸಾಲದು. ಪ್ರಯೋಗಶಾಲೆಯ ಗಾಜಿನ ತಟ್ಟೆಯಲ್ಲಿ ಗೆಲ್ಲುವ ತೈಲ ಮಾಂಸದಲ್ಲಿ ದುರ್ಬಲವಾಗುತ್ತದೆ. ಅದರ ಬಹುಭಾಗ ಕೊಬ್ಬಿನಲ್ಲಿ ಕರಗಿ ಅಡಗುತ್ತದೆ. ಪ್ರಮಾಣವನ್ನು ಹೆಚ್ಚಿಸಿದರೆ ಘಾಟು ಹೆಚ್ಚಿ ಮಾಂಸ ತಿನ್ನಲಾಗದಂತಾಗುತ್ತದೆ. ಆದುದರಿಂದ ವಿಜ್ಞಾನಿಗಳು ಎರಡು ತೈಲಗಳನ್ನು ಮಿತವಾಗಿ ಬೆರೆಸುವುದು, ಮಾಂಸವನ್ನು ಸುತ್ತುವ ತೆಳುಹಾಳೆಗೆ ತೈಲವನ್ನು ಸೇರಿಸುವುದು ಮೊದಲಾದ ಉಪಾಯಗಳನ್ನು ಪರೀಕ್ಷಿಸಿದ್ದಾರೆ. ಮೈಸೂರಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವು ಸಂಬಾರ ಪದಾರ್ಥಗಳನ್ನೂ ಮಾಂಸ ಸಂರಕ್ಷಣೆಯನ್ನೂ ಕುರಿತು ಸಂಶೋಧನೆ ನಡೆಸುತ್ತ ಬಂದಿದೆ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಪರಿಮಳವು ಮಾಂಸವನ್ನು ಕಾಯಬಲ್ಲದು. ಹಾಗೆಯೇ ಹಳಸಿದ ಮಾಂಸದ ವಾಸನೆಯನ್ನು ಮುಚ್ಚಲೂಬಲ್ಲದು. ರೋಗ ತರುವ ಬ್ಯಾಕ್ಟೀರಿಯಗಳು ಎಷ್ಟೋ ಸಲ ಯಾವ ದುರ್ವಾಸನೆಯನ್ನೂ ಬೀರುವುದಿಲ್ಲ. ಶುಚಿಯಾದ ಕತ್ತಿ, ಶುಚಿಯಾದ ಕೈ, 5 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆಯ ತಂಪು, ಚೆನ್ನಾಗಿ ಬೇಯಿಸುವುದು—ಇವೇ ಮೊದಲ ರಕ್ಷೆ. ಸುಗಂಧತೈಲ ಇವುಗಳಿಗೆ ಸಹಾಯಕ ಮಾತ್ರ. ಕೆಟ್ಟ ಮಾಂಸಕ್ಕೆ ಲವಂಗ ಅರೆಯುವುದು ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದಂತೆಯೇ ಸರಿ.