‘ಮಾರುತ್’: ಬೆಂಗಳೂರಿನಲ್ಲಿ ಹುಟ್ಟಿದ ಜೆಟ್ ಯುದ್ಧವಿಮಾನ

ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿರುವ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಅಂಗಳದಲ್ಲಿ ಒಂದು ಯುದ್ಧವಿಮಾನ ನಿಂತಿರುವುದನ್ನು ನೀವು ನೋಡಿರಬಹುದು. ಮೊನಚಾದ ಮೂಗು, ಹಿಂದಕ್ಕೆ ಬಾಗಿದ ರೆಕ್ಕೆಗಳು, ನೀಳವಾದ ಮೈ. ಎಚ್.ಎಫ್.-24 ‘ಮಾರುತ್’ ಎಂದು ಅದರ ಹೆಸರು. ನಮ್ಮ ದೇಶದಲ್ಲೇ ವಿನ್ಯಾಸಗೊಂಡು ತಯಾರಾದ ಮೊದಲ ಜೆಟ್ ಯುದ್ಧವಿಮಾನ ಇದು. ಶಬ್ದದ ಇಮ್ಮಡಿ ವೇಗದಲ್ಲಿ ಹಾರಬೇಕೆಂದು ಇದನ್ನು ರೂಪಿಸಿದ್ದರು. ಆ ವೇಗ ಇದಕ್ಕೆ ಎಂದೂ ದಕ್ಕಲಿಲ್ಲ. ಏಕೆ?

ಇದರ ಶಿಲ್ಪಿ ಜರ್ಮನಿಯ ಕುರ್ಟ್ ಟ್ಯಾಂಕ್. ಎರಡನೆಯ ಮಹಾಯುದ್ಧದಲ್ಲಿ ಹೆಸರಾದ ಫೋಕವುಲ್ಫ್ 190 ವಿಮಾನವನ್ನು ರೂಪಿಸಿದವರು ಅವರೇ. ಯುದ್ಧ ಮುಗಿದ ಮೇಲೆ ಅರ್ಜೆಂಟೀನಾದಲ್ಲಿ ಕೆಲವು ವರ್ಷ ದುಡಿದು, 1956ರಲ್ಲಿ ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆಗೆ ಬಂದರು. ಅಲ್ಲಿನವರು ಅದುವರೆಗೆ ಸ್ವಂತವಾಗಿ ರೂಪಿಸಿದ್ದೆಂದರೆ ಎಚ್.ಟಿ.-2ರಂಥ ಪ್ರೊಪೆಲರಿನ ತರಬೇತಿ ವಿಮಾನ. ಅಲ್ಲಿಂದ ನೇರವಾಗಿ ಶಬ್ದಾತೀತ ವೇಗಕ್ಕೆ ಜಿಗಿಯುವುದು ಸಾಹಸವೇ ಸರಿ. ಮೊದಲು ಅದೇ ಅಳತೆಯ, ಎಂಜಿನ್ ಇಲ್ಲದ ಮರದ ಗ್ಲೈಡರ್ ಕಟ್ಟಿದರು. 1959ರಲ್ಲಿ ಡಕೋಟಾ ವಿಮಾನವೊಂದು ಅದನ್ನು ಮೇಲಕ್ಕೆಳೆದೊಯ್ದು ಬಿಡುತ್ತಿತ್ತು. ತೇಲುತ್ತ ಇಳಿಯುವಾಗ ಅದರ ಗುಣದೋಷಗಳನ್ನು ಗುರುತಿಸಿಕೊಳ್ಳುತ್ತಿದ್ದರು. 1961ರ ಜೂನ್‌ನಲ್ಲಿ ಪರೀಕ್ಷಾ ಪೈಲಟ್ ಸುರಂಜನ್ ದಾಸ್ ಅಸಲು ಮಾರುತ್‌ ಅನ್ನು ಬೆಂಗಳೂರಿನ ಆಕಾಶಕ್ಕೇರಿಸಿದರು.

ತೊಡಕು ಇದ್ದದ್ದು ಎಂಜಿನ್ನಿನಲ್ಲಿ. ಜೆಟ್ ಎಂಜಿನ್ ಮುಂದಿನಿಂದ ಗಾಳಿಯನ್ನು ಹೀರಿ, ಒತ್ತಿ, ಇಂಧನ ಉರಿಸಿ, ಬಿಸಿ ಅನಿಲವನ್ನು ಹಿಂದಕ್ಕೆ ಚಿಮ್ಮುತ್ತದೆ. ಅದರ ಪ್ರತಿಕ್ರಿಯೆಯೇ ವಿಮಾನವನ್ನು ಮುಂದಕ್ಕೆ ನೂಕುವ ಬಲ. ಹೊರಹೋಗುವ ಅನಿಲಕ್ಕೆ ಮತ್ತೊಮ್ಮೆ ಇಂಧನ ಸುರಿದು ಉರಿಸಿದರೆ ಬಲ ಇನ್ನೂ ಹೆಚ್ಚುತ್ತದೆ. ಈ ಏರ್ಪಾಟಿಗೆ ಆಫ್ಟರ್‌ಬರ್ನರ್ ಎನ್ನುತ್ತಾರೆ. ಟ್ಯಾಂಕ್ ನೆಚ್ಚಿಕೊಂಡಿದ್ದುದು ಆಫ್ಟರ್‌ಬರ್ನರ್ ಇರುವ, ಸುಮಾರು 3,700 ಕಿಲೋ ನೂಕುಬಲದ ಬ್ರಿಟಿಷ್ ಆರ್ಫಿಯಸ್ ಎಂಜಿನ್ನನ್ನು. ಆದರೆ ಬ್ರಿಟನ್ನಿನಲ್ಲಿ ಅದರ ಅಭಿವೃದ್ಧಿಯೇ ನಿಂತುಹೋಯಿತು. ಮುಂದುವರಿಸಲು ಬೇಕಾದ ಹಣ ಕೊಡಲು ಭಾರತ ಸರ್ಕಾರ ಒಪ್ಪಲಿಲ್ಲ. ಅಂದು ಉಳಿಸಿದ ದುಡ್ಡು ಬಹಳ ದುಬಾರಿಯಾಯಿತು ಎಂದೇ ಹೇಳಬೇಕು. ಸಿಕ್ಕಿದ್ದು ಅದೇ ಕುಟುಂಬದ ಸಾಧಾರಣ ಎಂಜಿನ್, ಆರ್ಫಿಯಸ್ 703. ಒಂದೊಂದರ ಬಲ 2,200 ಕಿಲೋ. ಎರಡು ಜೋಡಿಸಿದರೂ ಮಾರುತ್ ಶಬ್ದದ ವೇಗವನ್ನು ಮುಟ್ಟುವಷ್ಟಕ್ಕೇ ಸುಸ್ತು.

ಬೇರೆ ಎಂಜಿನ್ನಿಗಾಗಿ ಅಲೆದಾಟ ನಡೆಯಿತು. ಒಂದು ಮಾರುತ್ ಈಜಿಪ್ಟಿಗೆ ಹೋಗಿ, ಅಲ್ಲಿ ತಯಾರಾಗುತ್ತಿದ್ದ ಎಂಜಿನ್ ಹೊತ್ತು ಹಾರಿತು. 1969ರಲ್ಲಿ ಆ ಯೋಜನೆಯೂ ಮುಚ್ಚಿತು. ಇತ್ತ ಬೆಂಗಳೂರಿನಲ್ಲೇ ಆರ್ಫಿಯಸ್ 703ಕ್ಕೆ ಆಫ್ಟರ್‌ಬರ್ನರ್ ಕೂಡಿಸುವ ಪ್ರಯತ್ನ ನಡೆದಿತ್ತು. 1970ರ ಜನವರಿ 10ರಂದು ಅಂಥ ವಿಮಾನವೊಂದು ನೆಲಬಿಟ್ಟ ಕೂಡಲೇ ಬಿದ್ದು, ಸುರಂಜನ್ ದಾಸ್ ತೀರಿಕೊಂಡರು. ಎಚ್.ಎ.ಎಲ್. ಬಳಿಯ ಸುರಂಜನ್ ದಾಸ್ ರಸ್ತೆಗೆ ಅವರದೇ ಹೆಸರು.

ಹಾಗೆಂದು ಮಾರುತ್ ಕೆಲಸಕ್ಕೆ ಬಾರದ್ದು ಎಂದುಕೊಳ್ಳಬೇಡಿ. ನೆಲಕ್ಕೆ ಹತ್ತಿರ, ವೇಗವಾಗಿ, ಅಲುಗದೆ ಹಾರುವುದರಲ್ಲಿ ಅದು ಗಟ್ಟಿಗ. ನಾಲ್ಕು 30 ಮಿಲಿಮೀಟರ್ ಫಿರಂಗಿಗಳಿದ್ದವು. (ನಾಲ್ಕನ್ನೂ ಒಟ್ಟಿಗೆ ಹಾರಿಸಿದರೆ ವಿಮಾನವೇ ನಡುಗಿ ಅಪಾಯವಾಗುತ್ತಿತ್ತೆನ್ನುವುದು ಬೇರೆ ಮಾತು!) ಹೊಟ್ಟೆಯೊಳಗೆ ರಾಕೆಟ್‌ಗಳ ಗೂಡು, ರೆಕ್ಕೆಗಳ ಕೆಳಗೆ ಬಾಂಬು. 1971ರ ಡಿಸೆಂಬರ್ ಯುದ್ಧದಲ್ಲಿ ರಾಜಸ್ಥಾನದ ಗಡಿಯಾಚೆಗಿನ ರೈಲು, ಟ್ಯಾಂಕು, ನೆಲೆಗಳ ಮೇಲೆ ಮಾರುತ್‌ಗಳು ಎರಗಿದವು. ಒಂದು ಎಂಜಿನ್ ಕೆಟ್ಟರೂ ಇನ್ನೊಂದರ ಬಲದಿಂದ ಮನೆಗೆ ಮರಳಿದ್ದುಂಟು. ನೆಲದ ಗುಂಡಿಗೆ ಕೆಲವು ಬಲಿಯಾದರೂ, ಆಕಾಶದ ಕಾಳಗದಲ್ಲಿ ಒಂದೂ ಬೀಳಲಿಲ್ಲ. ಬದಲಿಗೆ ಡಿಸೆಂಬರ್ 7ರಂದು ಸ್ಕ್ವಾಡ್ರನ್ ಲೀಡರ್ ಕೆ.ಕೆ. ಬಕ್ಷಿ ಪಾಕಿಸ್ತಾನದ ಸೇಬರ್ ವಿಮಾನವೊಂದನ್ನು ಕೆಡವಿದರು.

ಒಟ್ಟು 147 ಮಾರುತ್‌ಗಳು ತಯಾರಾದವು; ಅವುಗಳಲ್ಲಿ 18 ಎರಡು ಆಸನದವು. 1990ರಲ್ಲಿ ವಾಯುಪಡೆ ಕೊನೆಯವನ್ನೂ ನಿವೃತ್ತಿಗೊಳಿಸಿತು. ಬೆಂಗಳೂರಿನ ಮುಂದಿನ ಯುದ್ಧವಿಮಾನ ‘ತೇಜಸ್’ ಮೊದಲು ಹಾರಿದ್ದು 2001ರ ಜನವರಿಯಲ್ಲಿ. ಅದರ ಎಂಜಿನ್ ಅಮೆರಿಕದ್ದು.