ಜಾಲಸಂಗ್ರಹದಲ್ಲಿನ ಧ್ವನಿಭಂಡಾರ: ತಂತ್ರಾಂಶದ ಮಂದಗತಿಗೆ ಕಾರಣಗಳು

ಜಾನಪದ ಕ್ಷೇತ್ರಕಾರ್ಯದ ಕ್ಯಾಸೆಟ್‌ಗಳು ಗಣಕೀಕರಣಗೊಂಡ ಬಳಿಕ ಅವುಗಳ ನೆಲೆ ಬದಲಾಗುತ್ತದೆ. ಕಪಾಟಿನಲ್ಲಿದ್ದ ಮಾದೇಶ್ವರನ ಕಾವ್ಯವೂ ಸೋಬಾನೆ ಪದಗಳೂ ‘ನ್ಯಾಸ್’ ಎಂಬ ಜಾಲಸಂಗ್ರಾಹಕವನ್ನು ಸೇರುತ್ತವೆ. ಅಧ್ಯಯನಕಾರರು ತಮ್ಮ ಗಣಕದಲ್ಲಿ ಮ್ಯೂಸಿಕ್‌ಬೀಯಂತಹ ಸಂಗೀತ ಸಂಗ್ರಹ ತಂತ್ರಾಂಶದ ಮೂಲಕ ಅವುಗಳನ್ನು ಹುಡುಕಿ ಆಲಿಸುತ್ತಾರೆ. ಇಂತಹ ವ್ಯವಸ್ಥೆಯಲ್ಲಿ ತಂತ್ರಾಂಶವು ತೆರೆದುಕೊಳ್ಳಲು ನಿಮಿಷಗಟ್ಟಲೆ ಹಿಡಿಯುವುದು, ಹುಡುಕುವಾಗ ಸ್ತಬ್ಧವಾಗುವುದು ಸಾಮಾನ್ಯ ದೂರು. ಕಡತಗಳು ದೊಡ್ಡವಾದ್ದರಿಂದ ಹೀಗಾಗುತ್ತಿದೆ, ಎಂಪಿ3 ರೂಪಕ್ಕೆ ಕುಗ್ಗಿಸಿ ಮೂಲವನ್ನು ಅಳಿಸಿಬಿಡಿ ಎಂಬ ಸಲಹೆಯೂ ಕೇಳಿಬರುತ್ತದೆ. ಈ ಸಲಹೆಯನ್ನು ಒಪ್ಪುವ ಮುನ್ನ ಲೆಕ್ಕ ನೋಡಬೇಕು.

96 ಕಿಲೋಹರ್ಟ್ಸ್, 24 ಬಿಟ್‌ನ ಸ್ಟೀರಿಯೋ ಮುದ್ರಣವು ಗಂಟೆಗೆ ಸುಮಾರು 2 ಗಿಗಾಬೈಟ್ ಸ್ಥಳ ಬೇಡುತ್ತದೆ, ನಿಜ. ಆದರೆ ಅದನ್ನು ನುಡಿಸಲು ಸೆಕೆಂಡಿಗೆ 4.6 ಮೆಗಾಬಿಟ್ ಸಾಕು. 100 ಮೆಗಾಬಿಟ್‌ನ ಹಳೆಯ ಜಾಲಕ್ಕೂ ಅದು ಹೊರೆಯಲ್ಲ. ಮೂಲವನ್ನು ಅಳಿಸಿದರೆ ಮರಳಿ ಪಡೆಯಲಾಗದ ನಾದವಿವರ ನಷ್ಟವಾಗುತ್ತದೆಯೇ ಹೊರತು ವೇಗ ಹೆಚ್ಚುವ ಭರವಸೆಯಿಲ್ಲ.

ನಿಜವಾದ ವಿಳಂಬವಿರುವುದು ಸಣ್ಣ ಓದುಗಳಲ್ಲಿ. ಹಾಡುಗಾರರ ಹೆಸರು, ಊರು, ದಿನಾಂಕಗಳನ್ನು ತಿಳಿಯಲು ತಂತ್ರಾಂಶವು ಪ್ರತಿ ಕಡತವನ್ನೂ ತೆರೆದು, ಓದಿ, ಮುಚ್ಚುತ್ತದೆ. ಒಂದೊಂದು ಕಡತಕ್ಕೆ ಐದು ಬಾರಿ ಪ್ರಶ್ನೋತ್ತರ ನಡೆದು, ಒಮ್ಮೆಗೆ 20 ಮಿಲಿಸೆಕೆಂಡು ಹಿಡಿದರೆ, 20,000 ಕಡತಗಳಿಗೆ 33 ನಿಮಿಷ ಬೇಕು. ತಂತಿಯ ಜಾಲದಲ್ಲಿ ಒಮ್ಮೆಗೆ 1 ಮಿಲಿಸೆಕೆಂಡು ಸಾಕಾದರೆ ಅದೇ ಕೆಲಸ ಎರಡು ನಿಮಿಷದೊಳಗೆ ಮುಗಿಯುತ್ತದೆ. ಆದ್ದರಿಂದ ನೂರು ಕಡತಗಳನ್ನು ಸ್ಥಳೀಯ ಡಿಸ್ಕಿಗೆ ನಕಲಿಸಿ ಪರೀಕ್ಷಿಸುವುದು ಮೊದಲ ಹೆಜ್ಜೆ. ಅಲ್ಲಿ ವೇಗ ಕಂಡರೆ ವೈ-ಫೈ ಬಿಟ್ಟು ತಂತಿ ಜೋಡಿಸಬೇಕು. ಪ್ರತಿ ಬಾರಿ ತೆರೆದಾಗಲೂ ಇಡೀ ಭಂಡಾರವನ್ನು ತಪಾಸಣೆ ಮಾಡುವ ಆಯ್ಕೆಯನ್ನು ನಿಲ್ಲಿಸಬೇಕು. ಬಿಡುವಿನ ನಂತರದ ಮೊದಲ ಹಾಡಿಗೆ ಮಾತ್ರ ತಡವಾಗುವುದಾದರೆ ಅದು ಸಂಗ್ರಾಹಕದ ಡಿಸ್ಕು ನಿದ್ರಾಸ್ಥಿತಿಯಿಂದ ಎಚ್ಚರಗೊಳ್ಳುವ ಅವಧಿ ಇರಬಹುದು.

ತಂತ್ರಾಂಶದ ಸೂಚಿ, ಅಂದರೆ ದತ್ತಸಂಚಯವು ಎಲ್ಲಿದೆ ಎಂಬುದು ಇದಕ್ಕಿಂತ ಮುಖ್ಯ. ಧ್ವನಿಕಡತಗಳು ಜಾಲದಲ್ಲಿರಲಿ, ಸೂಚಿ ಮಾತ್ರ ಸ್ಥಳೀಯ ಡಿಸ್ಕಿನಲ್ಲಿಯೇ ಇರತಕ್ಕದ್ದು. ಅನೇಕ ತಂತ್ರಾಂಶಗಳು ಬಳಸುವ ಎಸ್‌ಕ್ಯೂಲೈಟ್‌ನ ನಿರ್ಮಾಪಕರೇ ಜಾಲದ ಕಡತವ್ಯವಸ್ಥೆಗಳಲ್ಲಿ ಬೀಗಹಾಕುವ ಕ್ರಮ ನಂಬಲರ್ಹವಲ್ಲವೆಂದು ಎಚ್ಚರಿಸಿದ್ದಾರೆ. ಇಬ್ಬರು ಏಕಕಾಲದಲ್ಲಿ ಬರೆದರೆ ಸೂಚಿ ಕೆಡಬಹುದು. ಕಲಾವಿದರ ವಿವರಗಳು ಸೂಚಿಯಲ್ಲಿ ಮಾತ್ರ ದಾಖಲಾಗಿದ್ದರೆ ಧ್ವನಿ ಉಳಿದೂ ಹಾಡಿದವರು ಅನಾಮಧೇಯರಾಗುತ್ತಾರೆ.

ಕನ್ನಡದ ಕಡತನಾಮಗಳಿಗೆ ವಿಶೇಷವಾದ ತೊಡಕೊಂದುಂಟು. ಯೂನಿಕೋಡ್‌ನಲ್ಲಿ ‘ಕೋ’ ಎಂಬುದನ್ನು ಎರಡು ಸಂಕೇತಗಳಲ್ಲಿ ಬರೆಯಬಹುದು. ಓಕಾರವನ್ನು ಬಿಡಿಸಿದರೆ ಅದೇ ಅಕ್ಷರಕ್ಕೆ ನಾಲ್ಕು ಸಂಕೇತಗಳಾಗುತ್ತವೆ. ಮ್ಯಾಕ್ ಗಣಕಗಳ ಹಳೆಯ ಎಚ್‌ಎಫ್‌ಎಸ್ ಪ್ಲಸ್ ವ್ಯವಸ್ಥೆಯು ಹೆಸರುಗಳನ್ನು ಬಿಡಿಸಿಯೇ ಇಡುತ್ತಿತ್ತು. ಅಲ್ಲಿಂದ ಬಂದ ‘ಕೋಲಾಟ’ವೂ ವಿಂಡೋಸ್‌ನಲ್ಲಿ ಟೈಪಿಸಿದ ‘ಕೋಲಾಟ’ವೂ ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಹೀಗಾಗಿ ತಂತ್ರಾಂಶವು ಹಳೆಯ ಕಡತ ಕಾಣೆಯಾಗಿದೆಯೆಂದೂ ಹೊಸದೊಂದು ಬಂದಿದೆಯೆಂದೂ ಭಾವಿಸಿ ಪುನಃ ಓದತೊಡಗಬಹುದು, ನಮೂದುಗಳು ಇಮ್ಮಡಿಯಾಗಬಹುದು. ಮೊದಲು ಸೂಚಿಯ ನಕಲೊಂದನ್ನು ತೆಗೆದಿರಿಸಿ, ಹೆಸರುಗಳನ್ನೆಲ್ಲ ಕೂಡಿಸಿದ ರೂಪಕ್ಕೆ ತಂದು, ಅನಂತರವೇ ಹೊಸ ತಪಾಸಣೆಗೆ ತೊಡಗುವುದು ಕ್ಷೇಮ.