ನೀರಿಗಿಳಿಯುವ ಮುನ್ನ ಸಕ್ಕರೆಯ ಲೆಕ್ಕ

ಅಮೆರಿಕದ ಈಜುಗಾರ ಗ್ಯಾರಿ ಹಾಲ್ ಜೂನಿಯರ್‌ಗೆ ಟೈಪ್ 1 ಮಧುಮೇಹ ಇದೆಯೆಂದು ಗೊತ್ತಾದದ್ದು 1999ರ ಮಾರ್ಚ್‌ನಲ್ಲಿ. ಆಗ ಅವರಿಗೆ 24 ವರ್ಷ. ಮೂರು ವರ್ಷಗಳ ಹಿಂದೆ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ನಾಲ್ಕು ಪದಕ ಗೆದ್ದಿದ್ದವರು. ಇನ್ನು ದೊಡ್ಡ ಸ್ಪರ್ಧೆಗಳ ಆಸೆ ಬಿಡಬೇಕಾಗುತ್ತದೆ ಎಂದೇ ವೈದ್ಯರಿಂದ ಮೊದಲು ಕೇಳಿದರು. ಮಧುಮೇಹ ತಜ್ಞೆ ಆ್ಯನ್ ಪೀಟರ್ಸ್ ಮಾತ್ರ ಈಜಿಗೆ ಹೊಂದುವಂತೆ ಚಿಕಿತ್ಸೆಯನ್ನು ರೂಪಿಸಲು ಮುಂದಾದರು. ಮತ್ತೆ ಮತ್ತೆ ರಕ್ತ ಪರೀಕ್ಷಿಸಿಕೊಳ್ಳುತ್ತ, ಇನ್ಸುಲಿನ್ ಪ್ರಮಾಣವನ್ನು ಹೊಂದಿಸಿಕೊಳ್ಳುತ್ತ ಹಾಲ್ ಅಭ್ಯಾಸಕ್ಕೆ ಮರಳಿದರು. 2000ದ ಸಿಡ್ನಿ ಒಲಿಂಪಿಕ್ಸ್‌ನ 50 ಮೀಟರ್ ಫ್ರೀಸ್ಟೈಲ್‌ನಲ್ಲಿ 21.98 ಸೆಕೆಂಡಿನಲ್ಲಿ ಗುರಿ ಮುಟ್ಟಿ, ತಮ್ಮದೇ ತಂಡದ ಆ್ಯಂಟನಿ ಅರ್ವಿನ್ ಜೊತೆ ಚಿನ್ನ ಹಂಚಿಕೊಂಡರು. 2004ರಲ್ಲಿ ಅಥೆನ್ಸ್‌ನಲ್ಲಿ, 29ನೇ ವಯಸ್ಸಿನಲ್ಲಿ, ಅದೇ ಸ್ಪರ್ಧೆಯ ಚಿನ್ನವನ್ನು ಒಬ್ಬರೇ ಗೆದ್ದರು.

ಒಲಿಂಪಿಕ್ಸ್ ಎಲ್ಲರ ಗುರಿಯಲ್ಲ. ಆದರೆ ಮಧುಮೇಹ ನಮ್ಮಲ್ಲಿ ಮನೆಮನೆಯ ಮಾತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಅಧ್ಯಯನ 2023ರಲ್ಲಿ ಕೊಟ್ಟ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಮಂಡಿ ನೋವಿನಿಂದ ವಾಕಿಂಗ್ ಬಿಟ್ಟವರಿಗೆ, ತೂಕ ಹೆಚ್ಚಿರುವವರಿಗೆ ಈಜು ಹೇಳಿ ಮಾಡಿಸಿದ ವ್ಯಾಯಾಮ. ಮೈಭಾರವನ್ನು ನೀರೇ ಹೊರುವುದರಿಂದ ಕೀಲುಗಳಿಗೆ ಪೆಟ್ಟಿಲ್ಲ. ತೋಳು, ಬೆನ್ನು, ಹೊಟ್ಟೆ, ಕಾಲುಗಳ ದೊಡ್ಡ ಸ್ನಾಯುಗಳೆಲ್ಲ ಒಟ್ಟಿಗೆ ದುಡಿಯುತ್ತವೆ. ಇಷ್ಟು ಒಳ್ಳೆಯ ವ್ಯಾಯಾಮವನ್ನು ಹೆದರಿಕೆಯಿಂದ ಬಿಡಬಾರದು. ಅಜಾಗರೂಕತೆಯಿಂದ ಮಾಡಲೂಬಾರದು. ಶುಗರ್ ಇಳಿದಾಗ ದೇಹ ಕೊಡುವ ಮುನ್ಸೂಚನೆಗಳನ್ನು ನೀರು ಮರೆಮಾಡುತ್ತದೆ. ಆದ್ದರಿಂದ ಈಜುವವರ ಸುರಕ್ಷತೆ ಬಹುಪಾಲು ದಡದ ಮೇಲೆಯೇ ತೀರ್ಮಾನವಾಗಬೇಕು.

ದುಡಿಯುವ ಸ್ನಾಯುವಿನ ಹಸಿವು

ವಯಸ್ಕರ ಇಡೀ ರಕ್ತದಲ್ಲಿ ಒಂದು ಹೊತ್ತಿಗೆ ಕರಗಿರುವ ಗ್ಲೂಕೋಸ್ ಸುಮಾರು 5 ಗ್ರಾಂ, ಅಂದರೆ ಒಂದು ಟೀ ಚಮಚದಷ್ಟು. ಉಳಿದ ದಾಸ್ತಾನು ಗ್ಲೈಕೋಜನ್ ರೂಪದಲ್ಲಿ ಬೇರೆಡೆ ಇರುತ್ತದೆ: ಯಕೃತ್ತಿನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ ಸುಮಾರು 400 ಗ್ರಾಂ. ಈಜಲು ಶುರುಮಾಡಿದಾಗ ಸ್ನಾಯುಗಳು ಮೊದಲು ತಮ್ಮ ದಾಸ್ತಾನಿಗೆ ಕೈಹಾಕುತ್ತವೆ, ಜೊತೆಗೆ ರಕ್ತದಿಂದಲೂ ಗ್ಲೂಕೋಸ್ ಎಳೆದುಕೊಳ್ಳುತ್ತವೆ. ಈ ಎಳೆತಕ್ಕೆ ಇನ್ಸುಲಿನ್ನಿನ ಅಪ್ಪಣೆ ಬೇಕಿಲ್ಲ. ಸ್ನಾಯುಕೋಶದೊಳಗೆ ಕಾದಿರುವ ಗ್ಲೂಟ್-4 ಎಂಬ ಸಾಗಣೆ ಪ್ರೋಟೀನ್ ಸ್ನಾಯುವಿನ ಸಂಕೋಚನಕ್ಕೇ ಓಗೊಟ್ಟು ಕೋಶದ ಹೊರಪೊರೆಗೆ ಬಂದು, ಗ್ಲೂಕೋಸನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಇನ್ಸುಲಿನ್‌ಗೆ ಮೈ ಸರಿಯಾಗಿ ಸ್ಪಂದಿಸದ ಟೈಪ್ 2 ಮಧುಮೇಹಿಗಳಿಗೂ ವ್ಯಾಯಾಮ ಫಲಕೊಡುವುದು ಈ ಬೇರೆ ದಾರಿಯಿಂದಾಗಿ.

ಆರೋಗ್ಯವಂತರಲ್ಲಿ ವ್ಯಾಯಾಮ ಆರಂಭವಾದ ಕೂಡಲೇ ಮೇದೋಜೀರಕ ಗ್ರಂಥಿ ಇನ್ಸುಲಿನ್ ಸ್ರಾವವನ್ನು ತಗ್ಗಿಸುತ್ತದೆ, ಗ್ಲುಕಗಾನ್ ಹಾರ್ಮೋನನ್ನು ಹೆಚ್ಚಿಸುತ್ತದೆ. ಆಗ ಯಕೃತ್ತು ತನ್ನ ದಾಸ್ತಾನಿನಿಂದ ಗ್ಲೂಕೋಸ್ ಬಿಡುಗಡೆ ಮಾಡಿ, ಖರ್ಚಾದಷ್ಟನ್ನು ತುಂಬಿಕೊಡುತ್ತದೆ. ಇನ್ಸುಲಿನ್ ಚುಚ್ಚಿಕೊಳ್ಳುವವರಲ್ಲಿ ಈ ಹೊಂದಾಣಿಕೆ ಸಾಧ್ಯವಿಲ್ಲ. ಚುಚ್ಚಿಕೊಂಡ ಇನ್ಸುಲಿನ್ ಬಿಟ್ಟ ಬಾಣ. ಅದನ್ನು ಹಿಂದಕ್ಕೆ ಕರೆಯುವಂತಿಲ್ಲ. ಒಂದೆಡೆ ಅದು ಸ್ನಾಯುಗಳಿಗೆ ಇನ್ನಷ್ಟು ಗ್ಲೂಕೋಸ್ ಸೇರಿಸುತ್ತದೆ, ಇನ್ನೊಂದೆಡೆ ಯಕೃತ್ತಿನ ಕೈ ಕಟ್ಟುತ್ತದೆ. ವ್ಯಾಯಾಮ ಮಾಡಿದಾಗ ಅಷ್ಟೇ ಇನ್ಸುಲಿನ್ ಹೆಚ್ಚು ಸಕ್ಕರೆ ಇಳಿಸುತ್ತದೆ ಎಂಬುದನ್ನು ಸ್ವತಃ ಮಧುಮೇಹಿಯಾಗಿದ್ದ ಲಂಡನ್ನಿನ ವೈದ್ಯ ಆರ್. ಡಿ. ಲಾರೆನ್ಸ್ 1926ರಲ್ಲೇ ತೋರಿಸಿಕೊಟ್ಟಿದ್ದರು.

ಎಲ್ಲ ಈಜೂ ಸಕ್ಕರೆಯನ್ನು ಇಳಿಸುವುದಿಲ್ಲ. ಅರ್ಧ ಗಂಟೆ ಒಂದೇ ಹದದಲ್ಲಿ ಲ್ಯಾಪ್ ಹೊಡೆದರೆ ಸಾಮಾನ್ಯವಾಗಿ ಇಳಿಯುತ್ತದೆ. ಪೂರ್ಣ ಶಕ್ತಿ ಹಾಕಿ ಸ್ಪ್ರಿಂಟ್ ಈಜಿದರೆ, ಅಥವಾ ಸ್ಪರ್ಧೆಯ ಆತಂಕವಿದ್ದರೆ, ಅಡ್ರಿನಲಿನ್ ಉಕ್ಕಿ ಯಕೃತ್ತು ಗ್ಲೂಕೋಸ್ ಸುರಿಸುತ್ತದೆ, ಶುಗರ್ ಏರಿಬಿಡುತ್ತದೆ. ಸ್ಪರ್ಧೆ ಮುಗಿಸಿದ ಮಗುವಿನ ಶುಗರ್ 250 ತೋರಿಸಿದ ಮಾತ್ರಕ್ಕೆ ಗಾಬರಿಯಿಂದ ಪೂರ್ತಿ ಡೋಸ್ ಇನ್ಸುಲಿನ್ ಕೊಡುವುದು ಅಪಾಯ. ಆ ಏರಿಕೆ ಎಷ್ಟೋ ಸಲ ಒಂದೆರಡು ಗಂಟೆಯಲ್ಲಿ ತಾನಾಗಿಯೇ ಇಳಿಯುತ್ತದೆ.

ನೀರು ಮುಚ್ಚಿಡುವ ಸೂಚನೆಗಳು

ಶುಗರ್ 70ಕ್ಕಿಂತ ಕೆಳಗಿಳಿದರೆ ಅದು ‘ಲೋ’. (ಇಲ್ಲಿನ ಅಂಕಿಗಳೆಲ್ಲ ಒಂದು ಡೆಸಿಲೀಟರ್ ರಕ್ತದಲ್ಲಿ ಎಷ್ಟು ಮಿಲಿಗ್ರಾಂ ಗ್ಲೂಕೋಸ್ ಎಂಬ ಲೆಕ್ಕದವು.) 54ಕ್ಕಿಂತ ಕೆಳಗೆ ಹೋದರೆ ಮಿದುಳಿಗೇ ಇಂಧನ ಸಾಲದಾಗುತ್ತದೆ. ನೆಲದ ಮೇಲಿದ್ದಾಗ ಇದರ ಸೂಚನೆ ಮೊದಲೇ ಸಿಗುತ್ತದೆ: ಮೈ ಬೆವರುತ್ತದೆ, ಕೈ ನಡುಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಸುಸ್ತಾಗುತ್ತದೆ. ನೀರಿನಲ್ಲಿ ಬೆವರು ಗೊತ್ತಾಗುವುದಿಲ್ಲ. ನಡುಕವನ್ನು ಚಳಿಯೆಂದುಕೊಳ್ಳುತ್ತೇವೆ. ಎದೆಬಡಿತ, ಸುಸ್ತು ಎರಡೂ ಈಜಿನ ಸಹಜ ಫಲಗಳೇ. ರಸ್ತೆಯಲ್ಲಿ ನಡೆಯುವವರು ತಲೆ ಸುತ್ತಿದರೆ ಕಟ್ಟೆಯ ಮೇಲೆ ಕುಳಿತಾರು. ಆಳದಲ್ಲಿರುವವರಿಗೆ ಆ ಅವಕಾಶವಿಲ್ಲ. ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ಮಾತ್ರೆ ನುಂಗುವವರಲ್ಲಿ ಎದೆಬಡಿತ, ನಡುಕದ ಸೂಚನೆಗಳು ಮೊದಲೇ ಮಂಕಾಗಿರುತ್ತವೆ.

ತೋಳಿಗೆ ಅಂಟಿಸಿಕೊಂಡು ದಿನವಿಡೀ ಶುಗರ್ ತೋರಿಸುವ ಸೆನ್ಸರ್‌ಗಳು ಈಗ ನಮ್ಮಲ್ಲೂ ಸಿಗುತ್ತವೆ. ಅವುಗಳ ಮೇಲೂ ಪೂರ್ತಿ ಭಾರ ಹಾಕುವಂತಿಲ್ಲ. ಸೆನ್ಸರ್ ನೀರಿನಲ್ಲಿ ಕೆಡದಿರಬಹುದು, ಆದರೆ ಅದು ಫೋನಿಗೆ ಕಳಿಸುವ ಬ್ಲೂಟೂತ್ ತರಂಗಗಳನ್ನು ನೀರು ಹೀರಿಕೊಳ್ಳುತ್ತದೆ. ಈಜುವಷ್ಟು ಹೊತ್ತು ಎಚ್ಚರಿಕೆಯ ಸದ್ದು ಕೇಳಿಸದು. ಮೇಲಾಗಿ ಸೆನ್ಸರ್ ಅಳೆಯುವುದು ಚರ್ಮದಡಿಯ ದ್ರವದ ಸಕ್ಕರೆಯನ್ನು. ಶುಗರ್ ಭರದಿಂದ ಇಳಿಯುವಾಗ ಅದರ ಅಂಕಿ ರಕ್ತಕ್ಕಿಂತ ಹಲವು ನಿಮಿಷ ಹಿಂದಿರುತ್ತದೆ. ಸೆನ್ಸರ್ 85 ಎನ್ನುವಾಗ ರಕ್ತ ಆಗಲೇ 65ಕ್ಕೆ ಬಂದಿರಬಹುದು.

ದಡದ ಮೇಲೆ ಎರಡು ಬಾರಿ

ಆದ್ದರಿಂದ ನೀರಿಗಿಳಿಯುವ ಮೊದಲು ಎರಡು ಬಾರಿ ಪರೀಕ್ಷೆ ಬೇಕು. ಅರ್ಧ ಗಂಟೆ ಮೊದಲು ಒಂದು, ಇಳಿಯುವ ಹೊತ್ತಿಗೆ ಇನ್ನೊಂದು. ಒಂದೇ ಅಂಕಿ ಸಾಲದು, ಅದು ಯಾವ ಕಡೆಗೆ ಹೊರಟಿದೆ ಎಂಬುದೂ ಗೊತ್ತಾಗಬೇಕು. ಅರ್ಧ ಗಂಟೆ ಹಿಂದೆ 190 ಇದ್ದು ಈಗ 130 ಆಗಿದ್ದರೆ ಅದು ಜಾರುತ್ತಿರುವ ಶುಗರ್. ಎರಡೂ ಸಲ 130 ಇದ್ದರೆ ನಿಂತಿರುವ ಶುಗರ್. ಬೆರಳು ತೊಳೆದು ಚೆನ್ನಾಗಿ ಒರೆಸಿಕೊಳ್ಳಬೇಕು. ಒದ್ದೆ ಬೆರಳಿನ ರಕ್ತ ತೆಳುವಾಗಿ ಅಂಕಿ ಕಡಿಮೆ ಬರುತ್ತದೆ. ಬಾಳೆಹಣ್ಣು ಸುಲಿದ ಬೆರಳಾದರೆ ಹೆಚ್ಚು ಬರುತ್ತದೆ.

ಟೈಪ್ 1 ಮಧುಮೇಹಿಗಳ ವ್ಯಾಯಾಮದ ಬಗ್ಗೆ ಅಂತರರಾಷ್ಟ್ರೀಯ ತಜ್ಞರು 2017ರಲ್ಲಿ ಒಮ್ಮತದ ಸೂಚನೆಗಳನ್ನು ಪ್ರಕಟಿಸಿದರು. ಅವುಗಳ ಸಾರ ಹೀಗಿದೆ:

90ಕ್ಕಿಂತ ಕಡಿಮೆ ಇದ್ದರೆ 10ರಿಂದ 20 ಗ್ರಾಂ ಗ್ಲೂಕೋಸ್ ಸೇವಿಸಿ, ಶುಗರ್ ಏರುವವರೆಗೆ ಕಾಯಬೇಕು.

90ರಿಂದ 124ರ ನಡುವೆ ಇದ್ದರೆ, ಒಂದೇ ಹದದ ವ್ಯಾಯಾಮಕ್ಕೆ ಮುನ್ನ 10 ಗ್ರಾಂ ಗ್ಲೂಕೋಸ್ ಬೇಕು.

126ರಿಂದ 180 ಬಹುಪಾಲು ಜನರಿಗೆ ಆರಂಭಕ್ಕೆ ಒಪ್ಪುವ ಮಟ್ಟ.

270 ದಾಟಿದ್ದರೆ, ಅದಕ್ಕೆ ಕಾರಣ ಸ್ಪಷ್ಟವಿಲ್ಲದಿದ್ದರೆ, ಕೀಟೋನ್ (ಇನ್ಸುಲಿನ್ ಸಾಲದಾದಾಗ ಕೊಬ್ಬು ಒಡೆದು ರಕ್ತದಲ್ಲಿ ಸೇರುವ ಆಮ್ಲ) ಪರೀಕ್ಷಿಸಬೇಕು. ರಕ್ತದ ಕೀಟೋನ್ ಲೀಟರಿಗೆ 1.5 ಮಿಲಿಮೋಲ್ ಅಥವಾ ಹೆಚ್ಚಿದ್ದರೆ ವ್ಯಾಯಾಮ ಕೂಡದು. ಮೈಯಲ್ಲಿ ಇನ್ಸುಲಿನ್ ಸಾಲದೆ ಇರುವಾಗ ಈಜಿದರೆ ಶುಗರ್ ಇಳಿಯುವ ಬದಲು ಏರುತ್ತದೆ.

ಕಳೆದ 24 ಗಂಟೆಗಳಲ್ಲಿ, ಇನ್ನೊಬ್ಬರ ಸಹಾಯ ಬೇಕಾಗುವಷ್ಟು ಶುಗರ್ ಇಳಿದಿದ್ದರೆ ಆ ದಿನ ಈಜು ಬೇಡ. ಒಮ್ಮೆ ತೀರಾ ಇಳಿದ ಮೇಲೆ ಮರುದಿನದ ಇಳಿತಕ್ಕೆ ದೇಹ ಎಚ್ಚರಿಕೆ ಕೊಡುವುದೂ ಕಡಿಮೆ, ಎದುರಿಸುವುದೂ ಕಡಿಮೆ.

ಈ ಮಿತಿಗಳು ಎಲ್ಲ ವ್ಯಾಯಾಮಕ್ಕೂ ಹೇಳಿದವು. ನೀರಿಗಿಳಿಯುವವರು 126ರಿಂದ 180ರ ಮಟ್ಟದಲ್ಲಿ ಮೇಲ್ತುದಿಯ ಕಡೆಗಿರುವುದೇ ಕ್ಷೇಮ. ನೀರಿಗಿಳಿದ ಮೇಲೂ ಅರ್ಧ ಗಂಟೆಗೊಮ್ಮೆ ಹತ್ತಿ ಬಂದು ಪರೀಕ್ಷಿಸಿಕೊಳ್ಳಬೇಕು. ಹೊಸದಾಗಿ ಶುರುಮಾಡಿದವರಿಗೆ ಇಪ್ಪತ್ತು ನಿಮಿಷಕ್ಕೊಮ್ಮೆ ನೋಡಿಕೊಂಡರೆ ಇನ್ನೂ ಒಳ್ಳೆಯದು.

ಹೊತ್ತೂ ಲೆಕ್ಕಕ್ಕೆ ಬರುತ್ತದೆ. ಊಟದ ವೇಗದ ಇನ್ಸುಲಿನ್ ಚುಚ್ಚಿಕೊಂಡ ಒಂದರಿಂದ ಒಂದೂವರೆ ಗಂಟೆಯ ಹೊತ್ತಿಗೆ ಅದರ ಬಲ ತುದಿಯಲ್ಲಿರುತ್ತದೆ. ಆಗ ಈಜಿದರೆ ಶುಗರ್ ಬೇಗ ಕುಸಿಯುತ್ತದೆ. ಊಟವಾದ ಒಂದೂವರೆ ಗಂಟೆಯೊಳಗೆ ಈಜುವುದಿದ್ದರೆ ಆ ಊಟದ ಡೋಸ್ ಅನ್ನು ಶೇ 25ರಿಂದ 75ರವರೆಗೆ ಇಳಿಸುವ ಕ್ರಮವಿದೆ. ಎಷ್ಟೆಂಬುದನ್ನು ನಿಮ್ಮ ವೈದ್ಯರೇ ಹೇಳಬೇಕು. ಬೆಳಿಗ್ಗೆ ತಿಂಡಿಗೂ ಊಟದ ಇನ್ಸುಲಿನ್‌ಗೂ ಮೊದಲು ಈಜಿದರೆ ಇಳಿತ ಸಾಮಾನ್ಯವಾಗಿ ಕಡಿಮೆ. ಈಜಲು ದುಡಿಯುವ ತೋಳು, ತೊಡೆಗೆ ಚುಚ್ಚಿಕೊಳ್ಳುವುದಕ್ಕಿಂತ ಹೊಟ್ಟೆಗೆ ಚುಚ್ಚಿಕೊಳ್ಳುವುದು ಮೇಲು. ಇನ್ಸುಲಿನ್ ಪೆನ್ನನ್ನು ಬಿಸಿಲಲ್ಲಿ ನಿಂತ ಸ್ಕೂಟರಿನ ಡಿಕ್ಕಿಯಲ್ಲಿ ಬಿಡಬಾರದು. ಕಾವಿಗೆ ಇನ್ಸುಲಿನ್ ಕೆಡುತ್ತದೆ. ಇನ್ಸುಲಿನ್ ಪಂಪ್ ಕಳಚಿಟ್ಟು ಈಜುವವರು ಒಂದು ಗಂಟೆಯೊಳಗೆ ಮತ್ತೆ ಜೋಡಿಸಿಕೊಳ್ಳಬೇಕು. ಪಂಪಿನಲ್ಲಿರುವುದು ವೇಗದ ಇನ್ಸುಲಿನ್ ಮಾತ್ರ. ಅದು ನಿಂತರೆ ಕೆಲವೇ ಗಂಟೆಗಳಲ್ಲಿ ಕೀಟೋನ್ ಏರಲು ಶುರುವಾಗುತ್ತದೆ.

ಮಾತ್ರೆ ನುಂಗುವವರು

ನಮ್ಮ ಈಜುಕೊಳಗಳಿಗೆ ಬರುವ ಮಧುಮೇಹಿಗಳಲ್ಲಿ ಹೆಚ್ಚಿನವರು ಟೈಪ್ 2 ಇರುವವರು, ಮಾತ್ರೆಯಲ್ಲಿರುವವರು. ಅವರೆಲ್ಲರ ಅಪಾಯ ಒಂದೇ ಮಟ್ಟದ್ದಲ್ಲ. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಲ್ಲಿ ಶುಗರ್ ತೀರಾ ಇಳಿಯುವುದು ಅಪರೂಪ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್, ಗ್ಲಿಕ್ಲಜೈಡ್ ಬೇರೆ ಬಗೆಯವು. ಇವು ಮೇದೋಜೀರಕವನ್ನು ಒತ್ತಾಯಿಸಿ ಇನ್ಸುಲಿನ್ ಸುರಿಸುವುದರಿಂದ ಈಜುವಾಗಲೂ ಶುಗರ್ ಇಳಿಯುತ್ತಲೇ ಹೋಗಬಹುದು. ಡಾಪಾಗ್ಲಿಫ್ಲೋಜಿನ್‌ನಂಥ ಮಾತ್ರೆಗಳು ಮೂತ್ರದ ಮೂಲಕ ಸಕ್ಕರೆಯನ್ನೂ ನೀರನ್ನೂ ಹೊರಹಾಕುವುದರಿಂದ ಈಜಿಗೆ ಮೊದಲು, ನಂತರ ಸಾಕಷ್ಟು ನೀರು ಕುಡಿಯಬೇಕು.

ನಮ್ಮಲ್ಲಿ ವೋಗ್ಲಿಬೋಸ್ ಬೆರೆತ ಮಾತ್ರೆಗಳು ಬಳಕೆಯಲ್ಲಿವೆ. ಕರುಳಿನಲ್ಲಿ ಪಿಷ್ಟ, ಸಕ್ಕರೆ ಒಡೆಯುವುದನ್ನು ಅದು ನಿಧಾನಗೊಳಿಸುತ್ತದೆ. ಅಂಥವರಿಗೆ ಶುಗರ್ ಇಳಿದಾಗ ಮನೆಯ ಸಕ್ಕರೆ, ಬಿಸ್ಕತ್ತು, ಬೆಲ್ಲ ಕೊಟ್ಟರೆ ಫಲ ತಡವಾಗುತ್ತದೆ. ಬೇಕಾದದ್ದು ಶುದ್ಧ ಗ್ಲೂಕೋಸ್, ಅಂದರೆ ಮೆಡಿಕಲ್ ಶಾಪಿನ ಗ್ಲೂಕೋಸ್ ಪುಡಿ ಅಥವಾ ಮಾತ್ರೆ. ನಿಮ್ಮ ಮಾತ್ರೆಯ ಪಟ್ಟಿಯ ಮೇಲೆ ಬರೆದಿರುವ ಎಲ್ಲ ಹೆಸರುಗಳನ್ನೂ ಒಮ್ಮೆ ಓದಿ, ವೈದ್ಯರನ್ನು ಕೇಳಿ.

ಶುಗರ್ ಇಳಿದರೆ

ನೀರಿನಲ್ಲಿರುವಾಗ ಏನೋ ಸರಿಯಿಲ್ಲ ಎನಿಸಿದರೆ, ಕೈಕಾಲು ಸೋತರೆ, ಲ್ಯಾಪಿನ ಲೆಕ್ಕ ತಪ್ಪತೊಡಗಿದರೆ, ಕೂಡಲೇ ಹೊರಗೆ ಬನ್ನಿ. ಈ ಲ್ಯಾಪ್ ಮುಗಿಸಿ ಬರುತ್ತೇನೆ ಎನ್ನುವುದು ಬೇಡ. 15 ಗ್ರಾಂ ಗ್ಲೂಕೋಸ್ ನೀರಿನಲ್ಲಿ ಕಲಸಿ ಕುಡಿದು, 15 ನಿಮಿಷ ಕಾದು ಮತ್ತೆ ಪರೀಕ್ಷಿಸಿಕೊಳ್ಳಿ. ಏರದಿದ್ದರೆ ಇನ್ನೊಮ್ಮೆ ಕುಡಿಯಿರಿ. ಚಾಕೊಲೇಟ್, ಕಡಲೆಮಿಠಾಯಿಗಳಲ್ಲಿ ಕೊಬ್ಬು ಇರುವುದರಿಂದ ಈ ಹೊತ್ತಿಗೆ ಅವು ನಿಧಾನ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಕೂಡದು. ಉಸಿರಾಡುತ್ತಿದ್ದರೆ ಮಗ್ಗುಲಾಗಿ ಮಲಗಿಸಿ, 108ಕ್ಕೆ ಕರೆ ಮಾಡಿ. ಉಸಿರಿಲ್ಲದಿದ್ದರೆ ಕೃತಕ ಉಸಿರಾಟ, ಎದೆಯೊತ್ತುವಿಕೆ ತಡಮಾಡದೆ ಶುರುವಾಗಬೇಕು.

ಆಸ್ಟ್ರೇಲಿಯಾದ ಪರ್ತ್‌ನ ಸಂಶೋಧಕರು 2006ರಲ್ಲಿ ಕುತೂಹಲದ ಸಂಗತಿಯೊಂದನ್ನು ವರದಿ ಮಾಡಿದರು. ಮಧ್ಯಮ ವ್ಯಾಯಾಮದ ಕೊನೆಗೆ 10 ಸೆಕೆಂಡ್ ಪೂರ್ಣ ಶಕ್ತಿಯ ಸ್ಪ್ರಿಂಟ್ ಮಾಡಿದಾಗ, ಆಮೇಲಿನ ಎರಡು ಗಂಟೆಗಳಲ್ಲಿ ಶುಗರ್ ಇನ್ನಷ್ಟು ಇಳಿಯುವುದು ತಪ್ಪಿತು. ಅಡ್ರಿನಲಿನ್ ಏರಿಕೆ ಇಲ್ಲಿ ನೆರವಿಗೆ ಬರುತ್ತದೆ. ಆದರೆ ಇದು ಶುಗರ್ ಸರಿಯಿರುವಾಗ ಬಳಸುವ ಉಪಾಯ. ಆಗಲೇ ಇಳಿದಿರುವವರಿಗೆ ಗ್ಲೂಕೋಸೇ ಮದ್ದು.

ಮನೆಗೆ ಬಂದ ಮೇಲೂ ಲೆಕ್ಕ ಮುಗಿಯುವುದಿಲ್ಲ. ಖಾಲಿಯಾದ ಗ್ಲೈಕೋಜನ್ ದಾಸ್ತಾನನ್ನು ತುಂಬಿಕೊಳ್ಳಲು ಸ್ನಾಯುಗಳು ಗಂಟೆಗಟ್ಟಲೆ ಗ್ಲೂಕೋಸ್ ಎಳೆದುಕೊಳ್ಳುತ್ತವೆ. 24 ಗಂಟೆ ಅಥವಾ ಅದಕ್ಕೂ ಹೆಚ್ಚು ಹೊತ್ತು ಇನ್ಸುಲಿನ್ ಹೆಚ್ಚು ಬಲವಾಗಿ ಕೆಲಸ ಮಾಡುತ್ತದೆ. ಸಂಜೆ ನಾಲ್ಕಕ್ಕೆ ವ್ಯಾಯಾಮ ಮಾಡಿದ ಟೈಪ್ 1 ಹದಿಹರೆಯದವರಲ್ಲಿ 7ರಿಂದ 11 ಗಂಟೆಗಳ ನಂತರ, ಅಂದರೆ ನಡುರಾತ್ರಿಯಿಂದ ನಸುಕಿನವರೆಗೆ, ಗ್ಲೂಕೋಸಿನ ಅಗತ್ಯ ಮತ್ತೊಮ್ಮೆ ಏರಿದ್ದನ್ನು ಪರ್ತ್‌ನ ಸಂಶೋಧಕರೇ 2007ರಲ್ಲಿ ಕಂಡರು. ಸಂಜೆ ಈಜುವ ಮಕ್ಕಳ ತಂದೆತಾಯಿ ಮಲಗುವ ಮುನ್ನ ಮಗುವಿನ ಶುಗರ್ ನೋಡಲೇಬೇಕು. ರಾತ್ರಿಯ ತಿಂಡಿ, ಇನ್ಸುಲಿನ್ ಹೇಗಿರಬೇಕೆಂದು ವೈದ್ಯರಿಂದ ಮೊದಲೇ ಕೇಳಿಟ್ಟುಕೊಳ್ಳಬೇಕು.

ಕಾಲು, ಕಣ್ಣು, ಜೊತೆಗಾರ

ನರಗಳು ದುರ್ಬಲವಾಗಿ ಪಾದದ ಸ್ಪರ್ಶ ಕಳೆದುಕೊಂಡವರಿಗೆ ಬಿಸಿಲಲ್ಲಿ ಕಾದ ಕಲ್ಲು ಸುಟ್ಟದ್ದೂ ತಿಳಿಯದು. ಅವರು ಕೊಳದ ಅಂಚಿನವರೆಗೂ ಚಪ್ಪಲಿ ಬಿಡಬಾರದು. ಈಜಿದ ಮೇಲೆ ಬೆರಳುಗಳ ಸಂದುಗಳನ್ನು ಒರೆಸಿ, ಅಂಗಾಲನ್ನು ಕಣ್ಣಾರೆ ನೋಡಬೇಕು. ಮಾಯದ ಗಾಯವಿದ್ದರೆ ಮಾಯುವವರೆಗೆ ನೀರಿಗಿಳಿಯುವುದು ಬೇಡ. ಮಧುಮೇಹದಿಂದ ಕಣ್ಣಿನ ರೆಟಿನಾದಲ್ಲಿ ಹೊಸ ರಕ್ತನಾಳಗಳು ಬೆಳೆದಿರುವವರು ಮೇಲಿಂದ ಧುಮುಕುವುದು, ಉಸಿರು ಕಟ್ಟಿ ತಿಣುಕುವುದು ಕೂಡದು; ಕಣ್ಣೊಳಗೆ ರಕ್ತಸ್ರಾವವಾದೀತು. ಹೃದಯದ ತೊಂದರೆ ಇರುವವರು, ಬಹುಕಾಲದಿಂದ ಮಧುಮೇಹ ಇರುವವರು ಈಜು ಶುರುಮಾಡುವ ಮುನ್ನ ತಪಾಸಣೆ ಮಾಡಿಸಿಕೊಳ್ಳಬೇಕು.

ಒಬ್ಬರೇ ಈಜಬಾರದು. ಕೆರೆ, ಬಾವಿ, ಹೊಳೆಯಲ್ಲಂತೂ ಸರ್ವಥಾ ಕೂಡದು. ಕೋಚ್‌ಗೆ, ಲೈಫ್‌ಗಾರ್ಡ್‌ಗೆ ನಿಮ್ಮ ಕಾಯಿಲೆ ತಿಳಿದಿರಲಿ, ನಿಮ್ಮ ಗ್ಲೂಕೋಸ್ ಪೊಟ್ಟಣ ಎಲ್ಲಿದೆಯೆಂದೂ ತಿಳಿದಿರಲಿ. ಇದನ್ನು ಹೇಳಿಕೊಳ್ಳಲು ನಾಚಿಕೆ ಪಡಬೇಕಿಲ್ಲ. ಟೈಪ್ 1 ಇದೆಯೆಂಬ ಕಾರಣಕ್ಕೆ ಮಗುವನ್ನು ಈಜಿನ ತರಗತಿಯಿಂದ ದೂರವಿಡುವುದು ಅನ್ಯಾಯ. ಆ ಮಗುವಿಗೆ ಬೇಕಾದದ್ದು ಶುಗರ್ ಪರೀಕ್ಷಿಸಿಕೊಳ್ಳಲು ಐದು ನಿಮಿಷದ ಬಿಡುವು, ನೀರಿನಲ್ಲಿ ಅದರ ಮೇಲೆ ಕಣ್ಣಿಟ್ಟ ಒಬ್ಬ ದೊಡ್ಡವರು ಮತ್ತು ಕೊಳದ ಪ್ರಥಮ ಚಿಕಿತ್ಸೆ ಪೆಟ್ಟಿಗೆಯಲ್ಲಿ ಒಂದು ಪೊಟ್ಟಣ ಗ್ಲೂಕೋಸ್. ಈ ಮೂರನ್ನೂ ಒದಗಿಸುವುದು ಯಾವ ಶಾಲೆಗೂ, ಯಾವ ಈಜುಕೊಳಕ್ಕೂ ಭಾರವಲ್ಲ. ಅಲ್ಲಿನವರು ಒದಗಿಸುವವರೆಗೆ ನಾವು ಕೇಳುತ್ತಲೇ ಇರಬೇಕು.